ಸಂಬಳದ ಫೋಲ್ಡರ್ ಯಾರಿಗೆ ತೆರೆಯಬಾರದು: ಹಳೇ ಸರ್ವರ್‌ನಿಂದ ಹೊಸದಕ್ಕೆ, ಅನುಮತಿ ಸಮೇತ

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಫೈಲ್ ಸರ್ವರ್ ಬದಲಿಸಿಕೊಟ್ಟ ಕೆಲಸದ ವಿವರ ಇದು. ಹಳೆಯದು ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಹಾಕಿದ ಟವರ್ ಮೆಷಿನ್, ಅದರ ಮೇಲೆ ವಿಂಡೋಸ್ ಕಂಪ್ಯೂಟರ್‌ಗಳಿಗೆ ಫೋಲ್ಡರ್ ಹಂಚುವ ತಂತ್ರಾಂಶ ಸಾಂಬಾ. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೇ ಬೆಂಬಲ ಮುಗಿದಿದೆ. ಅದಾದ ಮೇಲೆ ಭದ್ರತಾ ಅಪ್‌ಡೇಟ್ ಬರುವುದಿಲ್ಲ. ಹೊಸದು ಡೆಬಿಯನ್ 12 ಎಂಬ ಇನ್ನೊಂದು ಲಿನಕ್ಸ್, ಎರಡು 4 ಟಿಬಿ ಡಿಸ್ಕ್‌ಗಳನ್ನು ಮಿರರ್ ಮಾಡಿ (ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವಂತೆ) ಕೂರಿಸಿದ್ದು. ಸಾಗಿಸಬೇಕಾದದ್ದು ಹತ್ತಿರ ಹತ್ತಿರ 600 ಜಿಬಿ. ಅದರಲ್ಲಿ ಬಹುಪಾಲು ಸ್ಕ್ಯಾನ್ ಮಾಡಿಟ್ಟ ತೂಕದ ಚೀಟಿ, ಗೇಟ್ ಪಾಸ್, ಪಹಣಿ ಪ್ರತಿಗಳು.

ಗಾತ್ರ ದೊಡ್ಡ ವಿಷಯವಲ್ಲ. ಯಾವ ಫೋಲ್ಡರ್ ಯಾರಿಗೆ ತೆರೆಯುತ್ತದೆ, ಯಾರಿಗೆ ತೆರೆಯುವುದಿಲ್ಲ ಅನ್ನುವುದು ದೊಡ್ಡ ವಿಷಯ. ಕ್ಯೂರಿಂಗ್ ವರ್ಕ್ಸ್‌ಗೆ ಬೆಳೆಗಾರರು ಪಾರ್ಚ್‌ಮೆಂಟ್, ಚೆರಿ ತಂದು ಹಾಕುತ್ತಾರೆ. ಸ್ಯಾಂಪಲ್ ತೆಗೆದು ಔಟ್‌ಟರ್ನ್ (ತಂದದ್ದರಲ್ಲಿ ಎಷ್ಟು ಶುದ್ಧ ಬೀಜ ಸಿಗುತ್ತದೆ ಎಂಬ ಲೆಕ್ಕ) ನೋಡುತ್ತಾರೆ, ಗ್ರೇಡ್ ಆಗುತ್ತದೆ, ಲೆಕ್ಕ ತೀರುತ್ತದೆ. ಯಾರ ತೋಟದ ಕಾಫಿ ಎಷ್ಟು ಬಂತು, ಔಟ್‌ಟರ್ನ್ ಎಷ್ಟು ಬಿತ್ತು, ಯಾರಿಗೆ ಮುಂಗಡ ಎಷ್ಟು ಹೋಗಿದೆ ಎಂಬುದೆಲ್ಲ ಈ ಸರ್ವರ್‌ನಲ್ಲೇ ಇದೆ. ಇಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಒಬ್ಬರ ಲೆಕ್ಕ ಇನ್ನೊಬ್ಬರ ಕಿವಿಗೆ ಬಿದ್ದರೆ ಮುಂದಿನ ಮದುವೆ ಮನೆಯಲ್ಲಿ ಅದೇ ಮಾತು. ಬೆಳೆಗಾರರು ಆ ಕಚೇರಿಯನ್ನು ನಂಬಿ ಚೀಲ ಇಳಿಸಿದ್ದಾರೆ. ಸರ್ವರ್ ಮುಟ್ಟುವವನಿಗೆ ಆ ನಂಬಿಕೆಯ ಹೊಣೆಯೂ ಬರುತ್ತದೆ ಅಂತಲೇ ನಾನು ಎಣಿಸುವುದು.

ಈ ಥರದ ಕೆಲಸದಲ್ಲಿ ತಪ್ಪು ಎರಡು ರೀತಿ ಆಗಬಹುದು. ತೆರೆಯಬೇಕಾದವರಿಗೆ ಫೈಲ್ ತೆರೆಯದಿದ್ದರೆ ಐದು ನಿಮಿಷದಲ್ಲಿ ಫೋನ್ ಬರುತ್ತದೆ, ಸರಿ ಮಾಡುತ್ತೀರಿ. ತೆರೆಯಬಾರದವರಿಗೆ ತೆರೆದುಕೊಂಡರೆ ಯಾರೂ ಫೋನ್ ಮಾಡುವುದಿಲ್ಲ. ವರ್ಷಗಟ್ಟಲೆ ಹಾಗೇ ಇರುತ್ತದೆ. ನಾನು ಹೆಚ್ಚು ಸಮಯ ಕೊಟ್ಟದ್ದು ಈ ಎರಡನೆಯದಕ್ಕೆ.

ಅಕೌಂಟ್ಸ್ ನೋಡಿಕೊಳ್ಳುವ ಅಕ್ಕ ಮೊದಲ ದಿನವೇ ಕೇಳಿದರು: "ಎಂತಕ್ಕೆ ಇಷ್ಟೆಲ್ಲ? ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ ಇದಕ್ಕೆ ಪೇಸ್ಟ್ ಮಾಡಿದ್ರೆ ಆಗಲ್ವಾ?"

"ಫೈಲ್ ಬರ್ತದೆ ಅಕ್ಕ, ಬೀಗ ಬರಲ್ಲ" ಅಂದೆ.

ಅಂಗಡಿಯಿಂದ ತಂದ ಪೋರ್ಟಬಲ್ ಡಿಸ್ಕ್ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿರುತ್ತದೆ. ಈ ಫೈಲ್ ಯಾರದು, ಯಾವ ಗುಂಪಿನದು, ಯಾರು ಓದಬಹುದು ಎಂದು ಬರೆದಿಡುವ ಜಾಗವೇ ಅದರಲ್ಲಿ ಇಲ್ಲ. ಅವರ ಹಳೇ ಬ್ಯಾಕಪ್ ಕೂಡ ಅಂಥದೇ ಡಿಸ್ಕ್‌ನಲ್ಲಿತ್ತು. ಹಾಗಾಗಿ ಏನನ್ನೂ ಮುಟ್ಟುವ ಮೊದಲು ಒಂದು ಡಿಸ್ಕ್ ಅನ್ನು ಇವೆಲ್ಲ ಬರೆದಿಡಬಲ್ಲ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಅನುಮತಿಗಳ ಸಮೇತ ಪೂರ್ತಿ ಬ್ಯಾಕಪ್ ತೆಗೆದು ಮ್ಯಾನೇಜರ್ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದೆ.

ಈಗ ಮುಖ್ಯ ಸಂಗತಿಗೆ ಬರೋಣ. ಲಿನಕ್ಸ್‌ನಲ್ಲಿ ಫೈಲ್‌ನ ಮೇಲೆ ಯಜಮಾನನ ಹೆಸರು ಬರೆದಿರುವುದಿಲ್ಲ, ಬರೆದಿರುವುದು ಸಂಖ್ಯೆ. ಹಳೇ ಸರ್ವರ್‌ನಲ್ಲಿ ಸಂಬಳದ ಗುಂಪಿನ ಸಂಖ್ಯೆ 1005. ಪರದೆ ಮೇಲೆ 'ಸಂಬಳ' ಎಂದು ಕಾಣುವುದು ಆ ಮೆಷಿನ್‌ನ ಗುಂಪುಗಳ ಪಟ್ಟಿಯಲ್ಲಿ 1005ರ ಎದುರು ಹಾಗೆ ಇರುವುದರಿಂದ. ಹೊಸ ಮೆಷಿನ್‌ನಲ್ಲಿ ಗುಂಪುಗಳನ್ನು ಬೇರೆ ಕ್ರಮದಲ್ಲಿ ಮಾಡಿಕೊಂಡು ಹೋದರೆ 1005 ಗೋದಾಮಿನವರ ಗುಂಪಿಗೆ ಸಿಕ್ಕಿರಬಹುದು. ಆಗ ಸಂಬಳದ ಹಾಳೆ ಗೋದಾಮಿನ ಹುಡುಗರಿಗೆ ತೆರೆಯುತ್ತದೆ. ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ಮೊದಲು ಮಾಡುವ ಬಳಕೆದಾರನಿಗೆ 1000 ಸಂಖ್ಯೆ ಹೋಗುತ್ತದೆ. ಸೆಂಟ್‌ಓಎಸ್ 7ರಲ್ಲೂ ಎಣಿಕೆ ಶುರುವಾಗುವುದು 1000ದಿಂದಲೇ. ಡಿಕ್ಕಿ ಅಲ್ಲಿಂದಲೇ ಶುರು.

ಫೈಲ್‌ಗಳನ್ನು ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ನಕಲು ಮಾಡುವ ಆರ್‌ಸಿಂಕ್‌ನ ಸ್ವಭಾವವನ್ನೂ ಇಲ್ಲಿ ತಿಳಿದಿರಬೇಕು. ಸುಮ್ಮನೆ ಬಿಟ್ಟರೆ ಅದು ಹೆಸರು ಹಿಡಿದು ಹೊಂದಿಸುತ್ತದೆ. ಆ ಕಡೆ ಅದೇ ಹೆಸರು ಸಿಗದಿದ್ದರೆ ಸದ್ದಿಲ್ಲದೆ ಹಳೇ ಸಂಖ್ಯೆಯನ್ನೇ ಹಾಕುತ್ತದೆ. ಅರ್ಧ ಹೆಸರಿನಿಂದ, ಅರ್ಧ ಸಂಖ್ಯೆಯಿಂದ ಬಂದ ಫೋಲ್ಡರ್‌ಗಳ ಗೋಜಲನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ. ಅದಕ್ಕೇ ಫೈಲ್‌ಗೆ ಕೈ ಹಾಕುವ ಮೊದಲು ಹಳೇ ಸರ್ವರ್‌ನ ಬಳಕೆದಾರರು, ಗುಂಪುಗಳು ಎಲ್ಲವನ್ನೂ ಅವೇ ಸಂಖ್ಯೆ ಕೊಟ್ಟು ಹೊಸದರಲ್ಲಿ ಮಾಡಿದೆ. ಲಾಗಿನ್ ಶೆಲ್ (ಸರ್ವರ್ ಮೇಲೆಯೇ ಆಜ್ಞೆ ಕೊಡುವ ಪರದೆ) ಯಾರಿಗೂ ಕೊಡಲಿಲ್ಲ, ಸಾಂಬಾ ಮೂಲಕ ಬರುವವರಿಗೆ ಅದು ಬೇಕಿಲ್ಲ. ಇನ್‌ಸ್ಟಾಲ್ ಮಾಡುವಾಗಲೇ ಹಳೇದರಲ್ಲಿ 1000 ಆಗಿದ್ದ ಅಡ್ಮಿನ್ ಹೆಸರನ್ನೇ ಕೊಟ್ಟಿದ್ದರಿಂದ ಆ ಡಿಕ್ಕಿಯೂ ತಪ್ಪಿತು. ಆಮೇಲೆ ಆರ್‌ಸಿಂಕ್‌ಗೆ 'ನ್ಯೂಮರಿಕ್ ಐಡಿಸ್' ಆಯ್ಕೆ ಕೊಟ್ಟು, ಹೆಸರಿನ ಗೊಡವೆ ಬೇಡ, ಸಂಖ್ಯೆ ಹೇಗಿದೆಯೋ ಹಾಗೇ ತಾ ಅಂದೆ.

ಒಂದು ಸಂಖ್ಯೆ ಮಾತ್ರ ಹಾಗೇ ತರುವಂತಿರಲಿಲ್ಲ. ಸ್ಕ್ಯಾನರ್ ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಬರೆದಿದ್ದ ಫೈಲ್‌ಗಳೆಲ್ಲ 'ನೋಬಡಿ' ಹೆಸರಿನಲ್ಲಿದ್ದವು. ಸೆಂಟ್‌ಓಎಸ್ 7ರಲ್ಲಿ ನೋಬಡಿ ಅಂದರೆ 99, ಡೆಬಿಯನ್‌ನಲ್ಲಿ 65534. ಹಾಗೇ ತಂದರೆ ಆ ಫೈಲ್‌ಗಳಿಗೆ ಯಜಮಾನರೇ ಇರುವುದಿಲ್ಲ. ನಾಳೆ ಯಾವುದಾದರೂ ಪ್ಯಾಕೇಜ್ ಆ ಸಂಖ್ಯೆ ತೆಗೆದುಕೊಂಡರೆ ಇವೆಲ್ಲ ಅದರ ಪಾಲು. ಇದಕ್ಕೇನು ಮಾಡಿದೆ ಎಂದು ಸ್ಕ್ಯಾನರ್ ಪ್ರಸಂಗದಲ್ಲಿ ಹೇಳುತ್ತೇನೆ.

ಎಲ್ಲಕ್ಕಿಂತ ಅಪಾಯದ ಜಾಗ ಇದಲ್ಲ. ಸಂಬಳದ ಫೋಲ್ಡರ್ ಅನ್ನೇ ಹತ್ತಿರದಿಂದ ತೋರಿಸುತ್ತೇನೆ.

ಅದರ ಯಜಮಾನ ರೂಟ್, ಅಂದರೆ ಮೆಷಿನ್‌ನ ಸರ್ವಾಧಿಕಾರದ ಖಾತೆ. ಮೇಲಿನ ಫೋಲ್ಡರ್‌ನಿಂದ ಇಳಿದು ಬಂದ ಮಾಲೀಕ ಗುಂಪು 'ಕಚೇರಿ', ಅಂದರೆ ಎಲ್ಲ ನೌಕರರೂ ಇರುವ ಗುಂಪು. ಆ ಗುಂಪಿಗೆ ಕೊಟ್ಟ ಅನುಮತಿ ಸೊನ್ನೆ. ಅದರ ಕೆಳಗೆ ಎಸಿಎಲ್‌ನಲ್ಲಿ (ಯಾರಿಗೆ ಯಾವ ಅನುಮತಿ ಎಂದು ಒಂದೊಂದಾಗಿ ಬರೆದಿಡುವ ಪಟ್ಟಿ) ಹೆಚ್ಚಿನ ಸಾಲುಗಳು: 'ಸಂಬಳ' ಗುಂಪಿಗೆ ಓದು, ಬರೆ, ಒಳಹೋಗು, 'ಆಡಿಟ್' ಗುಂಪಿಗೆ ಓದು, ಒಳಹೋಗು ಮಾತ್ರ. ಕೊನೆಯಲ್ಲಿ ಮಾಸ್ಕ್ ಎಂಬ ಸಾಲು. ಈ ಹೆಚ್ಚಿನ ಸಾಲುಗಳಿಗೂ ಮಾಲೀಕ ಗುಂಪಿಗೂ ಎಷ್ಟರ ಮಟ್ಟಿಗೆ ಅನುಮತಿ ಸಲ್ಲಬಹುದು ಎಂಬ ಮೇಲ್ಮಿತಿ ಅದು. ಇಲ್ಲಿ ಅದು ಪೂರ್ತಿ ತೆರೆದಿತ್ತು.

ಎಸಿಎಲ್ ಇರುವ ಫೋಲ್ಡರ್‌ಗೆ ಫೈಲ್ ಪಟ್ಟಿಯ ಆಜ್ಞೆ 'ಎಲ್‌ಎಸ್' ಅನ್ನು 'ಎಲ್' ಆಯ್ಕೆಯ ಜೊತೆ ಹೊಡೆದರೆ ಗುಂಪಿನ ಅಂಕಣದಲ್ಲಿ ಕಾಣುವುದು ಗುಂಪಿನ ಅನುಮತಿಯಲ್ಲ, ಮಾಸ್ಕ್. ಅನುಮತಿ ಅಕ್ಷರಗಳ ತುದಿಯ ಒಂದು ಪುಟ್ಟ ಪ್ಲಸ್ ಚಿಹ್ನೆ ಬಿಟ್ಟರೆ ಬೇರೆ ಸುಳಿವಿಲ್ಲ. ಆರ್‌ಸಿಂಕ್‌ಗೆ ಎಲ್ಲರೂ ಕೊಡುವ ಸಣ್ಣಕ್ಷರದ 'ಎ' ಆಯ್ಕೆಯಲ್ಲಿ ಎಸಿಎಲ್ ಸೇರಿಲ್ಲ. ಅದಷ್ಟನ್ನೇ ಕೊಟ್ಟರೆ ಎಸಿಎಲ್ ಹಿಂದೆ ಉಳಿಯುತ್ತದೆ, ಆದರೆ ಮೋಡ್ ಅಂಕಿ 770 ಹಾಗೇ ಬರುತ್ತದೆ (ಯಜಮಾನ, ಗುಂಪು, ಉಳಿದವರಿಗೆ ಒಂದೊಂದು ಅಂಕಿ, 7 ಅಂದರೆ ಪೂರ್ತಿ ಅನುಮತಿ). ಹೊಸ ಸರ್ವರ್‌ನಲ್ಲಿ ಎಸಿಎಲ್ ಇಲ್ಲದ್ದರಿಂದ ನಡುವಿನ 7 ಮಾಸ್ಕ್ ಆಗಿ ಉಳಿಯುವುದಿಲ್ಲ, ನಿಜವಾಗಿಯೂ ಮಾಲೀಕ ಗುಂಪಿನ ಅನುಮತಿಯಾಗುತ್ತದೆ. ಮಾಲೀಕ ಗುಂಪು ಯಾವುದು? ಕಚೇರಿ. ಸೊನ್ನೆ ಇದ್ದ ಕಡೆ ಪೂರ್ತಿ ಅನುಮತಿ. ಸಂಬಳದ ಗುಂಪಿನವರೂ ಕಚೇರಿಯವರೇ ಆದ್ದರಿಂದ ಅವರಿಗೂ ಮೊದಲಿನಂತೆಯೇ ತೆರೆಯುತ್ತದೆ, ದೂರು ಬರುವುದಿಲ್ಲ. ಇಡೀ ಆಫೀಸಿಗೆ ಸಂಬಳದ ಹಾಳೆ ತೆರೆದು ಕೂತಿರುತ್ತದೆ.

ಇದನ್ನು ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿದರೆ ಸಾಲದು ಅನಿಸಿತು. ಖಾಲಿ ಫೈಲ್ ಇಟ್ಟ ಒಂದು ಪರೀಕ್ಷಾ ಫೋಲ್ಡರ್ ಮಾಡಿ, ಎರಡೂ ರೀತಿಯಲ್ಲಿ ಸಾಗಿಸಿ, ಗೋದಾಮಿನ ಲಾಗಿನ್‌ನಿಂದ ತೆರೆದು ತೋರಿಸಿದೆ. ಒಂದು ತೆರೆಯಿತು, ಇನ್ನೊಂದು ತೆರೆಯಲಿಲ್ಲ. ಅವರು ಆಮೇಲೆ ಎಷ್ಟು ಹೊತ್ತಾಗುತ್ತದೆ ಎಂದು ಕೇಳುವುದನ್ನು ಬಿಟ್ಟರು.

ಹಾಗಾಗಿ ಆರ್‌ಸಿಂಕ್‌ಗೆ ಕೊಟ್ಟದ್ದು ಸಣ್ಣಕ್ಷರದ 'ಎ', ಜೊತೆಗೆ ದೊಡ್ಡಕ್ಷರದ 'ಎಚ್', 'ಎ', 'ಎಕ್ಸ್'. ಎಚ್ ಹಾರ್ಡ್‌ಲಿಂಕ್‌ಗೆ (ಒಂದೇ ಫೈಲ್‌ಗಿರುವ ಎರಡನೇ ಹೆಸರು), ಎ ಎಸಿಎಲ್‌ಗೆ, ಎಕ್ಸ್ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ಗಳಿಗೆ (ಫೈಲ್‌ಗೆ ಅಂಟಿಸಿಟ್ಟ ಹೆಚ್ಚುವರಿ ಟಿಪ್ಪಣಿಗಳು). ಈ ಎಕ್ಸ್ ಯಾಕೆ ಬೇಕೆಂದರೆ, ವಿಂಡೋಸ್ ಕಡೆಯಿಂದ ಸೆಕ್ಯುರಿಟಿ ಟ್ಯಾಬ್ ತೆರೆದು ಯಾರಾದರೂ ಅನುಮತಿ ಹಾಕಿದ್ದರೆ ಸಾಂಬಾ ಅದನ್ನು 'ಸೆಕ್ಯುರಿಟಿ ಡಾಟ್ ಎನ್‌ಟಿಎಸಿಎಲ್' ಎಂಬ ಆಟ್ರಿಬ್ಯೂಟ್‌ನಲ್ಲಿ ಬಚ್ಚಿಡುತ್ತದೆ. ಈ ಸರ್ವರ್‌ನ ಸಂರಚನೆಯಲ್ಲಿ ಆ ಮಾಡ್ಯೂಲ್ ಹಾಕಿದ್ದರು, ಕೆಲವು ಫೋಲ್ಡರ್‌ಗಳಿಗೆ ಹಾಗೆ ಅನುಮತಿ ಕೂಡ ಬಿದ್ದಿತ್ತು. ಅದರ ಜೊತೆಗೇ ಸಾಂಬಾ ಕೆಳಗಿನ ಲಿನಕ್ಸ್ ಎಸಿಎಲ್‌ನ ಒಂದು ಹ್ಯಾಶ್ (ಬೆರಳಚ್ಚಿನಂಥ ಗುರುತು) ಕೂಡ ಇಟ್ಟಿರುತ್ತದೆ. ಓದುವಾಗ ಹ್ಯಾಶ್ ತಾಳೆಯಾಗದಿದ್ದರೆ ವಿಂಡೋಸ್ ಅನುಮತಿಯನ್ನು ಬದಿಗಿಟ್ಟು ಲಿನಕ್ಸ್ ಅನುಮತಿಯನ್ನೇ ನಂಬುತ್ತದೆ. ಅಂದರೆ ಎಕ್ಸ್ ಕೊಟ್ಟು ಎ ಬಿಟ್ಟರೂ ಕೆಟ್ಟಿತು. ಎರಡೂ ಜೊತೆಯಲ್ಲೇ ಬರಬೇಕು. ಈ ಆಟ್ರಿಬ್ಯೂಟ್ ಸಾಗಬೇಕಾದರೆ ಆರ್‌ಸಿಂಕ್ ಎರಡೂ ತುದಿಯಲ್ಲಿ ರೂಟ್ ಆಗಿಯೇ ಓಡಬೇಕು, ಸಾಮಾನ್ಯ ಬಳಕೆದಾರನಿಗೆ 'ಯೂಸರ್' ವರ್ಗದವು ಮಾತ್ರ ಸಿಗುತ್ತವೆ. ಸೆಂಟ್‌ಓಎಸ್‌ನ ಭದ್ರತಾ ವ್ಯವಸ್ಥೆ ಎಸ್‌ಇಲಿನಕ್ಸ್ ಹಾಕಿದ್ದ ಹಳೇ ಲೇಬಲ್‌ಗಳು ಮಾತ್ರ ಈ ಡೆಬಿಯನ್‌ನಲ್ಲಿ ಉಪಯೋಗವಿಲ್ಲ, ಅವನ್ನು ಫಿಲ್ಟರ್ ಹಾಕಿ ಅಲ್ಲೇ ಬಿಟ್ಟೆ.

ವಿಂಡೋಸ್ ಅನುಮತಿಯೊಳಗೆ ಇರುವುದು ಎಸ್‌ಐಡಿ ಎಂಬ ಉದ್ದ ಸಂಖ್ಯೆ. ಬಳಕೆದಾರರ ಎಸ್‌ಐಡಿ ಹುಟ್ಟುವುದು ಸರ್ವರ್‌ನ ಎಸ್‌ಐಡಿಯಿಂದ. ಆದ್ದರಿಂದ ಹಳೇ ಮೆಷಿನ್‌ನಲ್ಲಿ 'ನೆಟ್ ಗೆಟ್‌ಲೋಕಲ್‌ಎಸ್‌ಐಡಿ' ಹೊಡೆದು ಬಂದದ್ದನ್ನು ಹೊಸದರಲ್ಲಿ 'ನೆಟ್ ಸೆಟ್‌ಲೋಕಲ್‌ಎಸ್‌ಐಡಿ' ಮೂಲಕ ಕೂರಿಸಿದೆ. ಪಾಸ್‌ವರ್ಡ್‌ಗಳನ್ನು 'ಪಿಡಿಬಿಎಡಿಟ್' ಬಳಸಿ ರಫ್ತು ಮಾಡಿ ಈ ಕಡೆ ಆಮದು ಮಾಡಿಕೊಂಡೆ, ಯಾರಿಗೂ ಹೊಸ ಪಾಸ್‌ವರ್ಡ್ ಕೊಡಬೇಕಾಗಿ ಬರಲಿಲ್ಲ. ಇನ್ನು ಸಾಂಬಾದಲ್ಲಿ ಮ್ಯಾಪ್ ಆಗದ ಲಿನಕ್ಸ್ ಗುಂಪುಗಳು ವಿಂಡೋಸ್‌ಗೆ ಕಾಣುವುದು ಎಸ್-1-22-2-1005 ಎಂಬ ರೂಪದಲ್ಲಿ. ಕೊನೆಯಲ್ಲಿ ಮತ್ತೆ ಅದೇ 1005! ಸಂಖ್ಯೆಗಳನ್ನು ಮೊದಲೇ ಹೊಂದಿಸಿದ್ದು ಇಲ್ಲೂ ಕೈ ಹಿಡಿಯಿತು. ಅಂದಹಾಗೆ ಸಾಂಬಾ ಶುರು ಮಾಡಿದ ಆಂಡ್ರ್ಯೂ ಟ್ರಿಜೆಲ್ ಅವರೇ ಪಾಲ್ ಮೆಕೆರಾಸ್ ಜೊತೆ ಸೇರಿ 1996ರಲ್ಲಿ ಆರ್‌ಸಿಂಕ್ ಬರೆದದ್ದು. ಈ ಕೆಲಸದ ಎರಡೂ ತುದಿಯಲ್ಲಿ ಒಬ್ಬರದೇ ಕೈ ಇದೆ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಸಾಗಣೆಯ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಆಫೀಸಿನ ಸ್ವಿಚ್ 100 ಎಂಬಿಪಿಎಸ್‌ನದು. ಅದರಲ್ಲಿ ಸೆಕೆಂಡಿಗೆ 11-12 ಎಂಬಿ ಹೋದರೆ ಹೆಚ್ಚು, 600 ಜಿಬಿಗೆ 14 ಗಂಟೆ ದಾಟುತ್ತದೆ. ಎರಡೂ ಮೆಷಿನ್‌ನಲ್ಲಿ ಗಿಗಾಬಿಟ್ ಕಾರ್ಡ್ ಇದ್ದವು, ನಡುವೆ ಒಂದು ಮಾಮೂಲಿ ಲ್ಯಾನ್ ಕೇಬಲ್ ನೇರವಾಗಿ ಎಳೆದೆ. ದೊಡ್ಡ ಫೈಲ್‌ಗಳು ಸೆಕೆಂಡಿಗೆ 100 ಎಂಬಿ ಮೇಲೆ ಓಡಿದವು, ಸಣ್ಣ ಪಿಡಿಎಫ್‌ಗಳ ರಾಶಿ ಬಂದಾಗ ನಿಧಾನ. ಕರೆಂಟ್ ಇಲ್ಲಿ ಹೇಳಿ ಕೇಳಿ ಹೋಗುವುದಿಲ್ಲ. ಎರಡೂ ಮೆಷಿನ್ ಯುಪಿಎಸ್ ಮೇಲೆ, ಆಜ್ಞೆ ಟಿಮಕ್ಸ್ ಒಳಗೆ, ನನ್ನ ಸಂಪರ್ಕ ಕಡಿದರೂ ಓಡುತ್ತಿರುವಂತೆ. ನಡುವೆ ನಿಂತರೂ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಬಂದ ಫೈಲ್‌ಗಳನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ.

ಕಪಾಟಿನಲ್ಲಿ ಕೂರುವಷ್ಟು ಚಿಕ್ಕ ನಾಸ್ ಪೆಟ್ಟಿಗೆ (ಫೈಲ್ ಹಂಚಲೆಂದೇ ಸಿದ್ಧವಾಗಿ ಬರುವ ಡಿಸ್ಕ್ ಪೆಟ್ಟಿಗೆ) ತಂದರೆ ಸಾಲದೇ ಎಂಬ ಮಾತೂ ಬಂದಿತ್ತು. ನಾನು ಬೇಡ ಅಂದದ್ದಕ್ಕೆ ಒಂದು ಕಾರಣ ಕನ್ನಡ ಫೈಲ್ ಹೆಸರುಗಳು. ಯೂನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. 'ಪಟ್ಟಿ' ಎಂಬ ಪುಟ್ಟ ಪದದಲ್ಲಿ ಪ, ಟ, ವಿರಾಮ, ಟ, ಇಕಾರದ ಗುಡಿಸು ಸೇರಿ ಐದು ಚಿಹ್ನೆ, 15 ಬೈಟ್. ಲಿನಕ್ಸ್ ಡಿಸ್ಕ್‌ಗಳ ಸಾಮಾನ್ಯ ಫಾರ್ಮ್ಯಾಟ್‌ಗಳಾದ ಎಕ್ಸ್‌ಎಫ್‌ಎಸ್, ಎಕ್ಸ್‌ಟಿ4 ಎರಡರಲ್ಲೂ ಹೆಸರಿನ ಮಿತಿ 255 ಬೈಟ್, ಅಂದರೆ 85 ಚಿಹ್ನೆ. ಕೆಲವು ನಾಸ್ ಪೆಟ್ಟಿಗೆಗಳಂತೆ ಇಕ್ರಿಪ್ಟ್‌ಎಫ್‌ಎಸ್ ಬಳಸಿ ಗೂಢಲಿಪಿ ಮಾಡುವ ಫೋಲ್ಡರ್‌ನಲ್ಲಿ ಆ ಮಿತಿ 143ಕ್ಕೆ ಇಳಿಯುತ್ತದೆ, ಕನ್ನಡಕ್ಕೆ 47 ಚಿಹ್ನೆ. ಇಲ್ಲಿನವರು ಫೈಲ್‌ಗೆ ಬೆಳೆಗಾರರ ಮನೆತನದ ಹೆಸರು, ಊರು, ವರ್ಷ, ಚೀಲದ ಲೆಕ್ಕ ಎಲ್ಲ ಸೇರಿಸಿ ಹೆಸರಿಡುತ್ತಾರೆ. ಅಂಥವು ಅರ್ಧದಾರಿಯಲ್ಲಿ ಉಳಿದುಬಿಡುತ್ತಿದ್ದವು.

ದಿನ ಗೊತ್ತು ಮಾಡುವುದು ಸುಲಭವಾಯಿತು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಶುರು, ಆಮೇಲೆ ಮಾರ್ಚ್ ತನಕ ರೊಬಸ್ಟಾ. ಆಗ ಲಾರಿಗಳ ಸಾಲು, ಒಂದು ಗಂಟೆ ಸರ್ವರ್ ನಿಲ್ಲಿಸಲೂ ಆಗದು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುತ್ತಿರುತ್ತದೆ. ಉಳಿದದ್ದು ಅಕ್ಟೋಬರ್. ಜನ ಕೆಲಸ ಮಾಡುತ್ತಿರುವಾಗಲೇ ಮೊದಲ ಸುತ್ತಿನ ನಕಲು ಮುಗಿಸಿಟ್ಟು, ಕಾವೇರಿ ಸಂಕ್ರಮಣದ ರಜೆಯಲ್ಲಿ, ಅರ್ಧ ಆಫೀಸು ತಲಕಾವೇರಿಗೆ ಹೋಗಿದ್ದಾಗ, ಹಳೇ ಸಾಂಬಾ ನಿಲ್ಲಿಸಿ ಕೊನೆಯ ಸುತ್ತು ಓಡಿಸಿದೆ. ಈ ಸುತ್ತಿಗೆ 'ಡಿಲೀಟ್' ಆಯ್ಕೆ ಸೇರಿಸಬೇಕು, ಇಲ್ಲದಿದ್ದರೆ ನಡುವೆ ಅಳಿಸಿದ್ದ ಫೈಲ್‌ಗಳು ಹೊಸದರಲ್ಲಿ ಜೀವ ಪಡೆಯುತ್ತವೆ. ಅದನ್ನು ಕೊಡುವ ಮೊದಲು 'ಡ್ರೈ ರನ್' (ಏನನ್ನೂ ಮುಟ್ಟದ ತಾಲೀಮು) ಮಾಡಿ ಏನೇನು ಅಳಿಯುತ್ತದೆ ಎಂಬ ಪಟ್ಟಿಯನ್ನು ಸಾಲು ಸಾಲಾಗಿ ಓದಿದೆ. ಮೂಲದ ಫೋಲ್ಡರ್ ಹೆಸರಿನ ಕೊನೆಯ ಓರೆಗೆರೆ ಇದೆಯೋ ಇಲ್ಲವೋ ಎಂಬುದು ಇಲ್ಲಿ ಜೀವನ್ಮರಣದ ಪ್ರಶ್ನೆ. ಇದ್ದರೆ ಫೋಲ್ಡರ್ ಒಳಗಿನದು ಬರುತ್ತದೆ, ಇಲ್ಲದಿದ್ದರೆ ಫೋಲ್ಡರ್ ಸಮೇತ ಬರುತ್ತದೆ.

ಆಮೇಲೆ ತಾಳೆ ನೋಡುವ ಕೆಲಸ. ಎರಡೂ ಕಡೆ ಎಲ್ಲ ಫೈಲ್‌ಗಳ ಪಟ್ಟಿ ಮಾಡಿ, ವಿಂಗಡಿಸಿ, ಎಸಿಎಲ್ ಓದಿ ತೋರಿಸುವ 'ಗೆಟ್‌ಫೇಸಲ್'ಗೆ ಉಣಿಸಿ, ಹೆಸರಿನ ಬದಲು ಸಂಖ್ಯೆಯಲ್ಲೇ ಔಟ್‌ಪುಟ್ ತೆಗೆದು, ವ್ಯತ್ಯಾಸ ಹುಡುಕುವ 'ಡಿಫ್' ಮಾಡಿದೆ. ವಿಂಗಡಿಸುವಾಗ ಭಾಷೆಯ ಸೆಟ್ಟಿಂಗ್ 'ಎಲ್‌ಸಿ ಆಲ್' ಅನ್ನು 'ಸಿ' (ಬರೀ ಬೈಟ್ ಕ್ರಮ) ಎಂದು ಇಡುವುದು ಕಡ್ಡಾಯ. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2.28ರಲ್ಲಿ ಅಕ್ಷರಕ್ರಮದ ನಿಯಮಗಳೇ ಬದಲಾಗಿವೆ. ಸೆಂಟ್‌ಓಎಸ್ 7ರಲ್ಲಿ ಇರುವುದು 2.17, ಡೆಬಿಯನ್ 12ರಲ್ಲಿ 2.36. ಒಂದೇ ಪಟ್ಟಿ ಎರಡು ಮೆಷಿನ್‌ನಲ್ಲಿ ಎರಡು ಕ್ರಮದಲ್ಲಿ ಬಂದರೆ ಡಿಫ್ ಪುಟಗಟ್ಟಲೆ ವ್ಯತ್ಯಾಸ ತೋರಿಸುತ್ತದೆ, ನಿಜವಾದದ್ದು ಅದರಡಿ ಹೂತುಹೋಗುತ್ತದೆ. ವಿಂಡೋಸ್ ಅನುಮತಿ ಗೆಟ್‌ಫೇಸಲ್‌ಗೆ ಕಾಣುವುದಿಲ್ಲ, ಅದಕ್ಕೆ 'ಗೆಟ್‌ಎಫ್‌ಎಟಿಟಿಆರ್'ನಿಂದ ಬೇರೆಯೇ ಪಟ್ಟಿ. ಉಳಿದ ವ್ಯತ್ಯಾಸ ಸ್ಕ್ಯಾನ್ ಫೋಲ್ಡರ್‌ನದು ಮಾತ್ರ, ಅದರ ಯಜಮಾನನನ್ನು ನಾನೇ ಬದಲಿಸಿದ್ದೆ. ಹಾಗೆ ಬದಲಿಸುವ ಮೊದಲು 'ಫೈಂಡ್'ಗೆ 'ನೋಯೂಸರ್', 'ನೋಗ್ರೂಪ್' ಕೊಟ್ಟು ಯಜಮಾನರಿಲ್ಲದ ಫೈಲ್‌ಗಳನ್ನು ಹುಡುಕಿದಾಗಲೂ ಅಲ್ಲಿಯವೇ ಸಿಕ್ಕಿದ್ದವು.

ಇಷ್ಟಾದರೂ ನನಗೆ ಸಮಾಧಾನವಿರಲಿಲ್ಲ. ಬಳಕೆದಾರರಾಗಿ ಒಳಹೋಗಿ ನೋಡುವ ತನಕ ಪರೀಕ್ಷೆ ಮುಗಿಯುವುದಿಲ್ಲ. ಮೊದಲೇ ಮ್ಯಾನೇಜರ್ ಜೊತೆ ಕೂತು ಒಂದು ಹಾಳೆ ಮಾಡಿದ್ದೆವು: ಎಡಕ್ಕೆ ಲಾಗಿನ್‌ಗಳು, ಮೇಲೆ ಫೋಲ್ಡರ್‌ಗಳು, ಮನೆಗಳಲ್ಲಿ 'ಬರೆ', 'ಓದು', 'ಇಲ್ಲ'. ಪರೀಕ್ಷೆಯ ದಿನ 'ಇಲ್ಲ' ಎಂಬ ಮನೆಗಳಿಂದಲೇ ಶುರು ಮಾಡಿದೆ. ಸಾಂಬಾ ಪರೀಕ್ಷಿಸುವ ಸಾಧನ ಎಸ್‌ಎಂಬಿಕ್ಲೈಂಟ್‌ನಿಂದ ಒಬ್ಬೊಬ್ಬರ ಹೆಸರಿನಲ್ಲಿ ಹೋಗಿ, ಪ್ರವೇಶ ನಿರಾಕರಿಸಲಾಗಿದೆ ಎಂಬ ಉತ್ತರ ಬಂದರೆ ಮಾತ್ರ ಟಿಕ್. ಆಮೇಲೆ ವಿಂಡೋಸ್‌ನಿಂದ ಸಂಬಳದ ಫೋಲ್ಡರ್‌ನಲ್ಲಿ ಹೊಸ ಫೈಲ್ ಒಂದನ್ನು ಮಾಡಿ ಅದಕ್ಕೂ ಡೀಫಾಲ್ಟ್ ಎಸಿಎಲ್ (ಹೊಸ ಫೈಲ್‌ಗಳಿಗೆ ಫೋಲ್ಡರ್ ಕೊಡುವ ಅನುಮತಿ) ಇಳಿದು ಬಂದಿದೆಯೇ ನೋಡಿದೆ. ಹಳೇ ಫೈಲ್‌ಗಳು ಸರಿಯಿದ್ದು ನಾಳೆ ಹುಟ್ಟುವ ಫೈಲ್‌ಗಳು ತೆರೆದುಕೊಂಡರೆ ಏನು ಪ್ರಯೋಜನ?

ಆ ಹಾಳೆ ಮಾಡುವಾಗಲೇ ಕೆಲಸ ಬಿಟ್ಟು ಹೋದ ಕೆಲವರ ಹೆಸರು ಇನ್ನೂ ಎಸಿಎಲ್‌ನಲ್ಲಿ ಕೂತಿರುವುದು ಕಂಡಿತ್ತು. "ಹೇಗೂ ಬದಲಾಯಿಸ್ತಾ ಇದ್ದೀರಲ್ಲ, ಇದನ್ನೂ ಈಗಲೇ ತೆಗೆದುಬಿಡಿ" ಅಂದರು ಮ್ಯಾನೇಜರ್.

"ಲಾಗಿನ್ ಮಾತ್ರ ಈಗಲೇ ಬಂದ್ ಮಾಡ್ತೇನೆ ಸರ್. ಎಸಿಎಲ್ ಸಾಲುಗಳು ಬರಲಿ, ಆಮೇಲೆ ತೆಗೆಯೋಣ" ಅಂದೆ. ಸಾಗಿಸುವಾಗಲೇ ಗುಡಿಸಲು ಹೊರಟರೆ ಡಿಫ್‌ನಲ್ಲಿ ಬಂದ ವ್ಯತ್ಯಾಸ ನಾನು ಮಾಡಿದ್ದೋ, ಸಾಗಣೆಯಲ್ಲಿ ಕೆಟ್ಟದ್ದೋ ಎಂದು ಹೇಳಲಾಗುವುದಿಲ್ಲ.

ಈ ನಿಯಮ ಮುರಿದದ್ದು ಸ್ಕ್ಯಾನರ್‌ಗೆ ಮಾತ್ರ. ಅದು ಫೈಲ್ ಹಂಚಿಕೆಯಲ್ಲಿ ಎಸ್‌ಎಂಬಿ 1 ಎಂಬ ಹಳೇ ಪ್ರೋಟೋಕಾಲ್ ಬಿಟ್ಟರೆ ಬೇರೆ ಭಾಷೆ ಬಾರದ ಯಂತ್ರ. ಸಾಂಬಾ 4.11ರಿಂದ ಎಸ್‌ಎಂಬಿ 1 ತಾನಾಗಿಯೇ ಬಂದ್ ಇರುತ್ತದೆ. ಹಳೇ ಸರ್ವರ್‌ನಲ್ಲಿ ಅದಕ್ಕಿಂತ ಹಿಂದಿನದಿದ್ದುದರಿಂದ ಇಷ್ಟು ದಿನ ನಡೆದಿತ್ತು. ಒಂದು ಸ್ಕ್ಯಾನರ್‌ಗಾಗಿ ಇಡೀ ಸರ್ವರ್‌ನಲ್ಲಿ ಅಂಥ ಹಳೇ ಪ್ರೋಟೋಕಾಲ್ ತೆರೆದಿಡಲು ನಾನು ಒಪ್ಪಲಿಲ್ಲ. ಫೈಲ್ ಕಳಿಸುವ ಇನ್ನೊಂದು ದಾರಿಯಾದ ಎಫ್‌ಟಿಪಿ ಅದಕ್ಕೆ ಬರುತ್ತಿತ್ತು. 'ಸ್ಕ್ಯಾನ್' ಎಂಬ ಪ್ರತ್ಯೇಕ ಬಳಕೆದಾರನನ್ನು ಮಾಡಿ, ಆ ಒಂದು ಫೋಲ್ಡರ್ ಬಿಟ್ಟು ಹೊರಗೆ ಕಾಲಿಡದಂತೆ ಕಟ್ಟಿ, ಆಫೀಸಿನ ಒಳಜಾಲದಿಂದ ಮಾತ್ರ ಬರುವಂತೆ ಎಫ್‌ಟಿಪಿ ಕೊಟ್ಟೆ. 99ರ ಹೆಸರಿನಲ್ಲಿದ್ದ ಫೈಲ್‌ಗಳನ್ನೆಲ್ಲ ಇವನ ಹೆಸರಿಗೆ ಬರೆದೆ.

ಹೊಸ ಮೆಷಿನ್‌ಗೆ ಹಳೆಯದರ ಹೆಸರು, ಐಪಿ ಎರಡನ್ನೂ ಕೊಟ್ಟಿದ್ದರಿಂದ ಮೇಜುಗಳ ಮೇಲಿನ ಜೆಡ್ ಡ್ರೈವ್ ಹಾಗೇ ತೆರೆಯಿತು. ನೇರ ಕೇಬಲ್ ತೆಗೆದೆ, ಸಾಗಣೆಗಾಗಿ ರೂಟ್ ಆಗಿ ಒಳಹೋಗಲು ಮಾಡಿದ್ದ ಕೀಯನ್ನೂ ಅಳಿಸಿದೆ. ಹಳೇ ಮೆಷಿನ್ ನೆಟ್‌ವರ್ಕ್‌ನಿಂದ ಬಿಡಿಸಿ ಇಟ್ಟಿದೆ, ಈ ವರ್ಷದ ಆಡಿಟ್ ಮುಗಿಯುವ ತನಕ ಡಿಸ್ಕ್ ಅಳಿಸುವುದಿಲ್ಲ. ರಾತ್ರಿಯ ಬ್ಯಾಕಪ್ ಜೊತೆ ಗೆಟ್‌ಫೇಸಲ್‌ನ ಪಟ್ಟಿಯೂ ದಿನಾ ಒಂದು ಫೈಲ್ ಆಗಿ ಉಳಿಯುತ್ತದೆ. ಯಾರಾದರೂ ಅನುಮತಿ ಕೆಡಿಸಿಕೊಂಡರೆ 'ಸೆಟ್‌ಫೇಸಲ್ ರಿಸ್ಟೋರ್' ಹೊಡೆದು ಹಿಂದಿನ ದಿನದ್ದಕ್ಕೆ ಮರಳಬಹುದು. ಬಿಟ್ಟು ಹೋದವರ ಪಟ್ಟಿ ಮ್ಯಾನೇಜರ್ ಬಳಿ ಇದೆ. ಅವರು ಟಿಕ್ ಹಾಕಿ ಕೊಟ್ಟ ಮೇಲೆ ಆ ಸಾಲುಗಳನ್ನು ತೆಗೆಯುತ್ತೇನೆ, ಮಾಸ್ಕ್ ಬದಲಾಯಿತೇ ಎಂದು ಪ್ರತಿ ಸಾಲಿಗೂ ನೋಡಿಕೊಂಡು.